ಸ್ಪಿನ್ ಗ್ಲಾಸ್ ಎಂದು ಖಚಿತಪಡಿಸಿಕೊಳ್ಳುವ ಬಗೆ

ತಾಮ್ರಕ್ಕೆ ಶೇಕಡಾ 1ರಷ್ಟು ಮ್ಯಾಂಗನೀಸ್ ಬೆರೆಸಿದ ಮಿಶ್ರಲೋಹವನ್ನು ತಣಿಸುತ್ತ ಹೋದರೆ, ಸುಮಾರು 10 ಕೆಲ್ವಿನ್ ಹೊತ್ತಿಗೆ ಅದರ ಕಾಂತೀಯ ಸಸೆಪ್ಟಿಬಿಲಿಟಿ (ಹೊರಗಿನ ಕಾಂತಕ್ಷೇತ್ರಕ್ಕೆ ಅದು ಸ್ಪಂದಿಸುವ ಪ್ರಮಾಣ) ಚೂಪಾದ ಶಿಖರ ಮುಟ್ಟಿ ಇಳಿಯುತ್ತದೆ. ಎಲ್ಲೆಂದರಲ್ಲಿ ಚದುರಿರುವ ಮ್ಯಾಂಗನೀಸ್ ಪರಮಾಣುಗಳು, ನಡುವಿನ ದೂರಕ್ಕೆ ತಕ್ಕಂತೆ ಕೆಲವು ಜೋಡಿಗಳಲ್ಲಿ ಒಂದೇ ದಿಕ್ಕಿಗೂ ಕೆಲವು ಜೋಡಿಗಳಲ್ಲಿ ವಿರುದ್ಧ ದಿಕ್ಕಿಗೂ ತಿರುಗಲು ಬಯಸುವುದರಿಂದ, ಅವುಗಳ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತಗಳು) ಯಾವ ಕ್ರಮಕ್ಕೂ ಒಗ್ಗದೆ ಅಡ್ಡಾದಿಡ್ಡಿಯಾಗಿಯೇ ಹೆಪ್ಪುಗಟ್ಟುತ್ತವೆ. ಇದು ಸ್ಪಿನ್ ಗ್ಲಾಸ್. ಆದರೆ ಪ್ರತಿಫೆರೊಕಾಂತಗಳಲ್ಲಿಯೂ (ನೆರೆಯ ಸ್ಪಿನ್‌ಗಳು ಕ್ರಮವಾಗಿ ವಿರುದ್ಧ ದಿಕ್ಕಿಗೆ ನಿಲ್ಲುವ ವಸ್ತುಗಳು) ಕಾಂತೀಯ ನ್ಯಾನೊಕಣಗಳಲ್ಲಿಯೂ ಶಿಖರ ಕಾಣಿಸುತ್ತದೆ; ಆದ್ದರಿಂದ ಶಿಖರವೊಂದನ್ನೇ ನಂಬಿ ಹೆಸರಿಡಬಾರದು.

ಮೊದಲು ಅಳೆಯುವ ಉಪಕರಣದ ಕಾಂತದಲ್ಲಿ ಉಳಿದಿರುವ ಕಾಂತಕ್ಷೇತ್ರವನ್ನು ತೆಗೆಯಿರಿ. ಅತಿವಾಹಕ ಕಾಂತದ ಮಾಪಕ ಸೊನ್ನೆ ತೋರಿಸುತ್ತಿದ್ದರೂ ಒಳಗೆ ಹತ್ತಾರು ಅರ್‌ಸ್ಟೆಡ್ (ಕಾಂತಕ್ಷೇತ್ರದ ಏಕಮಾನ) ಸಿಕ್ಕಿಕೊಂಡಿರಬಹುದು. ಹಾಗಾಗಿ ಕ್ಷೇತ್ರವನ್ನು ಧನ, ಋಣ ಎಂದು ಅದಲುಬದಲು ಮಾಡುತ್ತ, ಪ್ರತಿ ಸಲವೂ ಕಡಿಮೆ ಮಾಡುತ್ತ ಸೊನ್ನೆಗೆ ತರಬೇಕು. ಮಾದರಿಯನ್ನು ಉಕ್ಕಿನ ಚಿಮಟದಿಂದ ಮುಟ್ಟಬೇಡಿ. ಅಂಟಿಕೊಂಡ ಕಬ್ಬಿಣದ ಚೂರೊಂದೇ ಇಡೀ ಅಳತೆಯನ್ನು ಕೆಡಿಸಬಲ್ಲದು.

ಬಳಿಕ ಕ್ಷೇತ್ರವಿಲ್ಲದೆ ತಣಿಸಿ, ಅತಿ ತಂಪಿನಲ್ಲಿ 10ರಿಂದ 50 ಅರ್‌ಸ್ಟೆಡ್ ಹಚ್ಚಿ, ಕಾಯಿಸುತ್ತ ಮಾದರಿಯ ಕಾಂತತ್ವವನ್ನು ಅಳೆಯಿರಿ; ಅನಂತರ ಅದೇ ಕ್ಷೇತ್ರವಿಟ್ಟುಕೊಂಡೇ ತಣಿಸಿ ಇನ್ನೊಮ್ಮೆ ಅಳೆಯಿರಿ. ಕ್ಷೇತ್ರ ಚಿಕ್ಕದಿರುವುದು ಮುಖ್ಯ: 1972ರಲ್ಲಿ ಭೌತವಿಜ್ಞಾನಿಗಳಾದ ಕ್ಯಾನೆಲ್ಲಾ ಮತ್ತು ಮೈಡೋಶ್ ಚಿನ್ನ-ಕಬ್ಬಿಣದ ಮಿಶ್ರಲೋಹದಲ್ಲಿ ಚೂಪು ಶಿಖರ ಕಂಡದ್ದು ಅತಿ ಸಣ್ಣ ಕ್ಷೇತ್ರದಲ್ಲಿ ಅಳೆದುದರಿಂದ, ಕೆಲವು ನೂರು ಅರ್‌ಸ್ಟೆಡ್ ಹಚ್ಚಿದರೆ ಅದು ಮೊಂಡಾಗಿಬಿಡುತ್ತದೆ. ಸ್ಪಿನ್ ಗ್ಲಾಸ್‌ನಲ್ಲಿ ಎರಡು ರೇಖೆಗಳು ಶಿಖರದ ಬಳಿ ಕವಲೊಡೆದು, ಕ್ಷೇತ್ರದಲ್ಲಿ ತಣಿಸಿದ ರೇಖೆ ಶಿಖರಕ್ಕಿಂತ ತಂಪಿನಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿ ಸಾಗುತ್ತದೆ. ಒಂದಕ್ಕೊಂದು ನಂಟಿಲ್ಲದ ನ್ಯಾನೊಕಣಗಳಲ್ಲಾದರೆ ಆ ರೇಖೆ ತಂಪಾದಂತೆಲ್ಲ ಏರುತ್ತಲೇ ಹೋಗುತ್ತದೆ.

ನಿಜವಾದ ಪರೀಕ್ಷೆ ಎಸಿ ಸಸೆಪ್ಟಿಬಿಲಿಟಿಯದು, ಅಂದರೆ ಹಿಂದಕ್ಕೂ ಮುಂದಕ್ಕೂ ತೂಗುವ ಸಣ್ಣ ಕ್ಷೇತ್ರದಲ್ಲಿ ಅಳೆದದ್ದು. ಆವರ್ತನ ಹತ್ತು ಪಟ್ಟು ಏರಿದಾಗ ಶಿಖರದ ತಾಪ ಎಷ್ಟು ಪಾಲು ಮೇಲೆ ಸರಿಯಿತು ಎಂದು ಲೆಕ್ಕ ಹಾಕಿ. ತಾಮ್ರ-ಮ್ಯಾಂಗನೀಸ್‌ನಲ್ಲಿ ಅದು ಸುಮಾರು 0.005, ಅಂದರೆ 10 ಕೆಲ್ವಿನ್‌ನ ಶಿಖರ ಬರೀ 0.05 ಕೆಲ್ವಿನ್ ಸರಿಯುತ್ತದೆ. ಬಿಡಿ ನ್ಯಾನೊಕಣಗಳಲ್ಲಿ ಈ ಪಾಲು 0.1ನ್ನೂ ದಾಟುವುದುಂಟು, ಪ್ರತಿಫೆರೊಕಾಂತದ ಶಿಖರವೋ ಇಷ್ಟು ಕಡಿಮೆ ಆವರ್ತನಗಳಲ್ಲಿ ಕದಲುವುದೇ ಇಲ್ಲ. ಅರ್ಧ ಕೆಲ್ವಿನ್‌ಗೊಂದು ಬಿಂದುವಿನಂತೆ ಅವಸರದಲ್ಲಿ ಅಳೆದವರಿಗೆ ಶಿಖರ ಹೀಗೆ ಸರಿಯುವುದು ಕಾಣುವುದಿಲ್ಲ. ಶಿಖರದ ಆಸುಪಾಸಿನಲ್ಲಿ 0.02 ಕೆಲ್ವಿನ್ ಅಂತರದಲ್ಲಿ, ಪ್ರತಿ ಬಿಂದುವಿನಲ್ಲೂ ತಾಪ ನೆಲೆಗೊಳ್ಳುವವರೆಗೆ ಕಾದು ಅಳೆಯಬೇಕು. ಇಡೀ ರಾತ್ರಿ ಹಿಡಿದರೂ ಈ ತಾಳ್ಮೆ ಸಾರ್ಥಕ ಎಂಬುದು ನನ್ನ ದೃಢ ಅಭಿಪ್ರಾಯ.

ಶಾಖಧಾರಣೆಯನ್ನೂ (ತಾಪ ಏರಿಸಲು ಬೇಕಾಗುವ ಶಾಖದ ಪ್ರಮಾಣ) ಅಳೆದರೆ ಒಳ್ಳೆಯದು. ಸ್ಪಿನ್‌ಗಳು ಹೆಪ್ಪುಗಟ್ಟುವ ತಾಪದಲ್ಲಿ, ಅಂದರೆ ಶಿಖರದ ತಾಪದಲ್ಲಿ, ಚೂಪು ಏರಿಕೆ ಇರದೆ, ಅದಕ್ಕಿಂತ ಮೇಲೆ ಅಗಲವಾದ ಉಬ್ಬು ಮಾತ್ರ ಕಾಣಬೇಕು.

ಕೊನೆಯದಾಗಿ ನೆನಪಿನ ಪರೀಕ್ಷೆ. ಕ್ಷೇತ್ರವಿಲ್ಲದೆ ತಣಿಸುವಾಗ ಹೆಪ್ಪುಗಟ್ಟುವ ತಾಪದ ಸುಮಾರು 0.8 ಪಾಲಿನಲ್ಲಿ ಎರಡು ಮೂರು ಗಂಟೆ ನಿಲ್ಲಿಸಿ, ಪೂರ್ತಿ ತಣಿಸಿ, ಸಣ್ಣ ಕ್ಷೇತ್ರ ಹಚ್ಚಿ ಕಾಯಿಸುತ್ತ ಅಳೆಯಿರಿ. ಎಲ್ಲಿಯೂ ನಿಲ್ಲಿಸದೆ ಅಳೆದ ರೇಖೆಯನ್ನು ಇದರಿಂದ ಕಳೆದಾಗ, ನಿಲ್ಲಿಸಿದ ತಾಪದಲ್ಲಿಯೇ ಒಂದು ಪುಟ್ಟ ತಗ್ಗು ಮೂಡಿದರೆ, ಸ್ಪಿನ್‌ಗಳು ಅಲ್ಲಿ ಕಳೆದ ಹೊತ್ತನ್ನು ಮರೆತಿಲ್ಲವೆಂದು ತಿಳಿಯುತ್ತದೆ. ಬಿಡಿ ಕಣಗಳಲ್ಲಿ ಆ ತಗ್ಗು ಮೂಡುವುದಿಲ್ಲ.