ವೈರಸ್ ಆರ್‌ಎನ್‌ಎ ಕತ್ತರಿಸಿದ್ದು ಜೀವಕೋಶವೋ, ನಿಮ್ಮ ಕೈಯೋ?

ಸೋಂಕು ತಗುಲಿದ ಯಕೃತ್ತಿನ ಜೀವಕೋಶಗಳಿಂದ ಆರ್‌ಎನ್‌ಎ ತೆಗೆದು, ತುಂಡುಗಳನ್ನು ಅಳತೆಯಂತೆ ಬೇರ್ಪಡಿಸುವ ಜೆಲ್‌ನಲ್ಲಿ ತುಂಡುಗಳು ಕಂಡ ಕೂಡಲೇ ಫಲಿತಾಂಶ ಸಿಕ್ಕಿತೆಂದು ಹಿಗ್ಗುವ ವಿದ್ಯಾರ್ಥಿಗಳನ್ನು ಎಷ್ಟೋ ಸಲ ನೋಡಿದ್ದೇನೆ. ಬಹಳಷ್ಟು ಸಲ ಅದು ತುಂಡಾದದ್ದು ಮೇಜಿನ ಮೇಲೆ.

ಹೆಪಟೈಟಿಸ್ ಡೆಲ್ಟಾ ವೈರಸ್ಸನ್ನೇ ತೆಗೆದುಕೊಳ್ಳೋಣ. ಸುಮಾರು 1,700 ನ್ಯೂಕ್ಲಿಯೊಟೈಡ್‌ಗಳ (ಆರ್‌ಎನ್‌ಎಯ ಬಿಡಿ ಕೊಂಡಿಗಳ) ಉಂಗುರ ಅದರ ಜೀನೋಮು. ನಕಲಾಗುವಾಗ ಒಂದರ ಬೆನ್ನಿಗೊಂದು ಅಂಟಿಕೊಂಡ ಸರಪಳಿಯಾಗಿ ಬರುತ್ತದೆ. ಅದನ್ನು ಅಳತೆಗೆ ಸರಿಯಾಗಿ ಕತ್ತರಿಸುವುದು ಆ ಆರ್‌ಎನ್‌ಎಯೊಳಗೇ ಇರುವ, ಸುಮಾರು 85 ನ್ಯೂಕ್ಲಿಯೊಟೈಡ್‌ಗಳ ರೈಬೋಜೈಮು, ಅಂದರೆ ಕಿಣ್ವದಂತೆ ಕೆಲಸ ಮಾಡುವ ಆರ್‌ಎನ್‌ಎ ಭಾಗ. ನಮಗೆ ಕಾಣಬೇಕಾದದ್ದು ಆ ಕತ್ತರಿಯ ಕೆಲಸ.

ಮೊದಲು ಪೋಷಕ ದ್ರವ ತೆಗೆದು, ತಣ್ಣನೆಯ ಬಫರ್‌ನಲ್ಲಿ ಒಮ್ಮೆ ತೊಳೆಯಿರಿ.

ಮುಂದಿನ ಹಂತದಲ್ಲೇ ಎಲ್ಲರೂ ಎಡವುವುದು. ಕೋಶಗಳನ್ನು ಕಿತ್ತು, ಟ್ಯೂಬಿಗೆ ತುಂಬಿ, ಆಮೇಲೆ ನೋಡೋಣ ಎಂದು ಇಡಬೇಡಿ. ಕೋಶ ಒಡೆದು ಕಿಣ್ವಗಳನ್ನು ತಡೆಯುವ ಗ್ವಾನಿಡೀನ್–ಫೀನಾಲ್ ದ್ರಾವಣವನ್ನು ನೇರ ತಟ್ಟೆಗೇ ಸುರಿಯಿರಿ. ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಎ ಕಿಣ್ವ ಕುದಿಸಿದರೂ ಸಾಯದು, ತಣಿದಾಗ ಮತ್ತೆ ಮಡಚಿಕೊಂಡು ಕೆಲಸಕ್ಕೆ ನಿಲ್ಲುತ್ತದೆ. ಬಾಗಿಲ ಹಿಡಿಕೆ, ಫೋನು, ಮುಖ ಮುಟ್ಟಿದ ಕೈಗವಸನ್ನು ತಕ್ಷಣ ಬದಲಿಸಿ. ಆರ್‌ಎನ್‌ಏಸ್ ಕೆಡಿಸುವ ರಾಸಾಯನಿಕ ಡಿಇಪಿಸಿ ಹಾಕಿದರಾಯಿತು ಎನ್ನುವವರಿಗೆ ಒಂದು ಮಾತು: ಟ್ರಿಸ್ ಬಫರ್‌ನಲ್ಲಿ ಅದು ಟ್ರಿಸ್ ಜೊತೆಗೇ ವರ್ತಿಸಿ ಖರ್ಚಾಗಿಬಿಡುತ್ತದೆ.

ಕ್ಲೋರೋಫಾರ್ಮ್ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಆರ್‌ಎನ್‌ಎ ಇರುವ ಮೇಲಿನ ಪದರವನ್ನಷ್ಟೇ ತೆಗೆಯಿರಿ. ಕೊನೆಯ ಹನಿಗೆ ಆಸೆಪಡಬೇಡಿ. ಆರ್‌ಎನ್‌ಎಯನ್ನು ಸೋಸುಪೊರೆಗೆ ಹಿಡಿಸಿ ತೆಗೆಯುವ ಕಾಲಮ್ ಕಿಟ್ ನನಗೆ ಒಪ್ಪಿಗೆಯಿಲ್ಲ: ಹಲವು ಕಿಟ್‌ಗಳಲ್ಲಿ 200 ನ್ಯೂಕ್ಲಿಯೊಟೈಡ್‌ಗಿಂತ ಚಿಕ್ಕ ತುಂಡುಗಳು ತೊಳೆದುಹೋಗುತ್ತವೆ, ನಾವು ಹುಡುಕುತ್ತಿರುವುದೇ ತುಂಡುಗಳನ್ನು. ಐಸೊಪ್ರೊಪನಾಲ್, 75% ಎಥನಾಲ್ ಎಂದಿನಂತೆ.

ಆರ್‌ಎನ್‌ಎ ಕರಗಿಸುವ ನೀರಿಗೆ ಮೆಗ್ನೀಸಿಯಮ್ ಹಿಡಿದಿಡುವ ಇಡಿಟಿಎ ಸೇರಿಸಿ. ರೈಬೋಜೈಮಿಗೆ ಮೆಗ್ನೀಸಿಯಮ್ ಸಿಕ್ಕರೆ ಟ್ಯೂಬಿನಲ್ಲೂ ಅದು ಕತ್ತರಿಸುತ್ತದೆ. ಉಳಿದ ಡಿಎನ್‌ಎ ಕತ್ತರಿಸಲು ಬಳಸುವ ಡಿಎನ್‌ಏಸ್ ಕಿಣ್ವದ ಬಫರ್‌ನಲ್ಲಿ ಮೆಗ್ನೀಸಿಯಮ್ ಇದ್ದೇ ಇರುತ್ತದೆ. ಹಾಗಾಗಿ ನಾರ್ದರ್ನ್ ಬ್ಲಾಟ್‌ಗಾದರೆ (ಜೆಲ್‌ನ ಆರ್‌ಎನ್‌ಎಯನ್ನು ಪೊರೆಗೆ ವರ್ಗಾಯಿಸಿ ಗುರುತಿಸುವ ಪರೀಕ್ಷೆ) ಆ ಹಂತವನ್ನೇ ಬಿಡಿ.

ಜೆಲ್‌ನಲ್ಲಿ ಮೊದಲು ವೈರಸ್ಸನ್ನು ಹುಡುಕಬೇಡಿ, ಜೀವಕೋಶದ ರೈಬೋಸೋಮ್ ಆರ್‌ಎನ್‌ಎಯ 28ಎಸ್ ಮತ್ತು 18ಎಸ್ ಪಟ್ಟಿಗಳನ್ನು ನೋಡಿ. 28ಎಸ್ ಸುಮಾರು ಎರಡು ಪಟ್ಟು ಗಾಢವಾಗಿರಬೇಕು. ಕೆಳಗಿನವರೆಗೂ ಮಸುಕಾಗಿ ಹರಡಿದ್ದರೆ ಎಸೆಯಿರಿ. ಅವೇ ಪಟ್ಟಿಗಳು ಖಚಿತ ಅಳತೆಯ ತುಂಡುಗಳಾಗಿದ್ದರೆ ತಡೆಯಿರಿ: ಅದು ವೈರಸ್ ವಿರುದ್ಧ ಜೀವಕೋಶವೇ ಎಬ್ಬಿಸಿದ ಆರ್‌ಎನ್‌ಏಸ್ ಎಲ್ ಕಿಣ್ವದ ಕೆಲಸವಿರಬಹುದು.

ಕತ್ತರಿಸಿದ್ದು ನಿಮ್ಮ ಕೈಯೋ ಎಂದು ತಿಳಿಯಲು, ಕತ್ತರಿಸದೆ ಉಳಿದ ಉದ್ದನೆಯ ಡೆಲ್ಟಾ ಆರ್‌ಎನ್‌ಎಯನ್ನು ಸೋಂಕಿಲ್ಲದ ಕೋಶಗಳ ದ್ರಾವಣಕ್ಕೆ ಹಾಕಿ, ಇದೇ ಹಂತಗಳಲ್ಲಿ ಸಾಗಿಸಿ. ಅದು ಇಡಿಯಾಗಿ ಹೊರಬಂದ ದಿನವೇ ಸೋಂಕಿತ ಕೋಶಗಳ ತಟ್ಟೆಗೆ ಕೈ ಹಾಕಿ.