ಹೊರವಲಯದಲ್ಲಿ ತಂಗಿ ನಗರ ಸುತ್ತುವುದು ಹೇಗೆ?

ನಗರದ ನಡುಭಾಗಕ್ಕಿಂತ ಹೊರವಲಯದಲ್ಲಿ ಕೊಠಡಿ ಬಾಡಿಗೆ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಆದರೆ ಆ ಉಳಿತಾಯ ನಿಜವೇ ಎಂದು ತಿಳಿಯಲು ಎಲ್ಲರ ಪ್ರಯಾಣದರವನ್ನೂ ಹೋಗಿಬರುವ ಸಮಯವನ್ನೂ ಸೇರಿಸಿ ಲೆಕ್ಕ ಹಾಕಬೇಕು.

ವಸತಿ ಆರಿಸುವಾಗ ನಗರಕೇಂದ್ರದಿಂದ ಇರುವ ದೂರಕ್ಕಿಂತ ನಿಲ್ದಾಣದಿಂದ ಇರುವ ದೂರವೇ ಮುಖ್ಯ. ಹತ್ತು ನಿಮಿಷದೊಳಗೆ ನಡೆದು ನಿಲ್ದಾಣ ಸೇರಿ, ಅಲ್ಲಿಂದ ಒಂದೇ ರೈಲಿನಲ್ಲಿ ನೇರವಾಗಿ ಊರೊಳಗೆ ಇಳಿಯಬಹುದಾದ ಸ್ಥಳವು, ನಕ್ಷೆಯಲ್ಲಿ ಹತ್ತಿರವೆಂದು ಕಂಡರೂ ಎರಡು ಬಸ್ ಬದಲಿಸಬೇಕಾದ ಸ್ಥಳಕ್ಕಿಂತ ಎಷ್ಟೋ ಮೇಲು. ‘ನಿಲ್ದಾಣಕ್ಕೆ ಸಮೀಪ’ ಎಂಬ ಜಾಹೀರಾತಿನ ಮಾತನ್ನು ಹಾಗೆಯೇ ನಂಬದೆ ನಡಿಗೆಯ ದಾರಿಯನ್ನೇ ಅಳೆದು ನೋಡಿ; ನಡುವೆ ಹೆದ್ದಾರಿಯೋ ರೈಲು ಹಳಿಯೋ ಅಡ್ಡ ಬಂದರೆ ಅರ್ಧ ಕಿಲೋಮೀಟರ್ ಎರಡಾಗುವುದುಂಟು.

ವೇಳಾಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ರಾತ್ರಿಯ ಕೊನೆಯ ವಾಹನದ ಸಮಯ. ಹಗಲಿನಲ್ಲಿ ಐದೈದು ನಿಮಿಷಕ್ಕೆ ಬರುವ ರೈಲು ರಾತ್ರಿ ಅರ್ಧ ಗಂಟೆಗೊಂದಾಗಬಹುದು. ಭಾನುವಾರ ಮತ್ತು ರಜಾದಿನಗಳ ಪಟ್ಟಿ ಬೇರೆಯೇ ಇರಬಹುದು, ಹಳಿ ದುರಸ್ತಿಯನ್ನೂ ಹೆಚ್ಚಾಗಿ ಆ ದಿನಗಳಿಗೇ ಇಟ್ಟುಕೊಳ್ಳುತ್ತಾರೆ.

ದರವನ್ನು ವಲಯಗಳಾಗಿ ವಿಂಗಡಿಸಿದ ನಗರಗಳಲ್ಲಿ ನಿಮ್ಮ ನಿಲ್ದಾಣವು ದಿನದ ಪಾಸಿನ ವ್ಯಾಪ್ತಿಯೊಳಗಿದೆಯೇ ಎಂಬುದನ್ನು ಕೊಠಡಿ ಕಾಯ್ದಿರಿಸುವ ಮೊದಲೇ ಖಚಿತಪಡಿಸಿಕೊಳ್ಳಿ. ದಿನಕ್ಕೆ ಎರಡೇ ಸಲ ಪ್ರಯಾಣಿಸುವವರಿಗೆ ಪಾಸಿಗಿಂತ ಬಿಡಿ ಟಿಕೆಟ್ಟೇ ಅಗ್ಗವಾಗಬಹುದು.

ಬೆಳಗಿನ ಕಚೇರಿ ವೇಳೆ ಕಳೆದ ಮೇಲೆ ಹೊರಟರೆ ನೂಕುನುಗ್ಗಲು ತಪ್ಪುತ್ತದೆ, ಕೆಲವೆಡೆ ದರವೂ ಇಳಿಯುತ್ತದೆ. ಮಧ್ಯಾಹ್ನ ವಿಶ್ರಾಂತಿಗೆಂದು ಕೊಠಡಿಗೆ ಮರಳುವ ಆಸೆಯನ್ನು ಮಾತ್ರ ಬಿಡಬೇಕಾಗುತ್ತದೆ. ಆದ್ದರಿಂದ ನೀರು, ಔಷಧಿ, ಮೇಲುಹೊದಿಕೆಗಳನ್ನು ಬೆಳಿಗ್ಗೆಯೇ ಚೀಲಕ್ಕೆ ಹಾಕಿಕೊಳ್ಳಿ.