ಎಂಜಿನ್ ಸ್ವಾಪ್ ಮಾಡಿದ ಕ್ಲಾಸಿಕ್ ಕಾರಿನ ಆಯಿಲ್ ಸಿಸ್ಟಮ್: ಸಂಪ್ ಮೊದಲು, ಕೂಲರ್ ಕೊನೆಗೆ

ಹಳೇ ಸ್ಪೋರ್ಟ್ಸ್ ಕಾರಿಗೆ ಬೇರೆ ಎಂಜಿನ್ ಕೂರಿಸೋವಾಗ ಎಲ್ರೂ ತಲೆ ಕೆಡಿಸ್ಕೊಳ್ಳೋದು ಮೌಂಟು, ಗೇರ್‌ಬಾಕ್ಸು, ವೈರಿಂಗು ಇದರ ಬಗ್ಗೆನೇ. ಆಯಿಲ್ ವಿಷಯಕ್ಕೆ ಬಂದ್ರೆ ಒಂದು ದೊಡ್ಡ ಕೂಲರ್ ತಂದು ಗ್ರಿಲ್ ಹಿಂದೆ ಕಟ್ಟಿ ಕೆಲಸ ಮುಗೀತು ಅಂದ್ಕೊಂಡ್ಬಿಡ್ತಾರೆ. ನಾನಂತೂ ಸಂಪಿಂದಲೇ, ಅಂದ್ರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತೊಟ್ಟಿಯಿಂದಲೇ, ಶುರು ಮಾಡಿ ಅಂತೀನಿ. ಸ್ವಾಪ್ ಆದ ಎಂಜಿನ್ನಿನ ಬೇರಿಂಗ್ ಹೋಗೋಕೆ ದೊಡ್ಡ ಕಾರಣ ಸಂಪಿಂದ ಪಂಪಿಗೆ ಆಯಿಲ್ ಎಳೆಯೋ ಪಿಕಪ್ ಪೈಪಿಗೆ ಒಂದೆರಡು ಸೆಕೆಂಡ್ ಆಯಿಲ್ ಬದಲು ಗಾಳಿ ಸಿಗೋದು, ಅದನ್ನ ಯಾವ ಕೂಲರೂ ತಡೆಯಲ್ಲ.

ಮೊದಲು ಜಾಗ ನೋಡಿ. ಎಂಜಿನ್ ಹುಟ್ಟಿದ್ದು ಬೇರೆ ಕಾರಿಗೆ, ಅದರ ಸಂಪ್‌ನ ಆಳದ ಭಾಗ ಆ ಕಾರಿನ ಕ್ರಾಸ್‌ಮೆಂಬರ್ (ಎಂಜಿನ್ ಕೆಳಗಿನ ಅಡ್ಡ ತೊಲೆ) ನೋಡ್ಕೊಂಡು ಮಾಡಿರೋದು, ನಿಮ್ಮ ಕಾರಲ್ಲಿ ಅದೇ ಜಾಗದಲ್ಲಿ ಸ್ಟೀರಿಂಗ್ ರ್‍ಯಾಕ್ ಇರಬಹುದು. ಆದ್ರಿಂದ ವೆಲ್ಡಿಂಗ್ ಮಷೀನ್ ಮುಟ್ಟೋಕೂ ಮುಂಚೆ ಅದೇ ಎಂಜಿನ್ನಿಗೆ ಕಂಪನಿಯೇ ಮಾಡಿರೋ ಬೇರೆ ಸಂಪ್‌ಗಳು ಯಾವ್ಯಾವು ಇವೆ ಅಂತ ಹುಡುಕಿ. ಉದಾಹರಣೆಗೆ ಅಮೆರಿಕದ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಎಲ್‌ಎಸ್ ವಿ8 ಎಂಜಿನ್ ತಗೊಳ್ಳಿ, ಟ್ರಕ್ ಸಂಪ್ ಆಳ ಜಾಸ್ತಿ, ತಗ್ಗಿನ ಕಾರಲ್ಲಿ ನೆಲಕ್ಕೆ ತಾಗತ್ತೆ, ಹಳೇ ಕಾರ್ವೆಟ್‌ದು ಎರಡೂ ಕಡೆ ರೆಕ್ಕೆ ಥರ ಅಗಲ, ಎಕ್ಸಾಸ್ಟಿಗೆ ಜಾಗ ಬಿಡಲ್ಲ, ಕಮಾರೋದ ಎಫ್-ಬಾಡಿ ಸಂಪ್ ಮುಂದೆ ತೆಳ್ಳಗೆ ಹಿಂದೆ ಆಳ ಇರೋದ್ರಿಂದ ಡಾಟ್ಸನ್ 240ಝಡ್ ಥರದ ಕಾರಿಗೆ ಜನ ಅದನ್ನೇ ಹುಡುಕ್ತಾರೆ. ಕತ್ತರಿಸಿ ವೆಲ್ಡ್ ಮಾಡೋದು ಬೇರೆ ದಾರಿ ಇಲ್ದಾಗ ಮಾತ್ರ.

ಕತ್ತರಿಸಲೇಬೇಕು ಅಂದ್ರೆ ಎರಡು ವಿಷಯ. ಆಳ ಕಡಿಮೆ ಮಾಡಿದಷ್ಟು ಅಗಲ ಕೊಟ್ಟು ಆಯಿಲ್ ಪ್ರಮಾಣ ವಾಪಸ್ ತಗೊಳ್ಳಿ, ಒಂದು ಲೀಟರ್ ಕಮ್ಮಿ ಆದ್ರೂ ಆಯಿಲ್ ಬೇಗ ಬಿಸಿ ಆಗತ್ತೆ, ಸಂಪಲ್ಲಿ ನಿಂತು ನೊರೆ ಇಳಿಸ್ಕೊಳ್ಳೋಕೆ ಅದಕ್ಕೆ ಟೈಮೂ ಸಿಗಲ್ಲ. ಇನ್ನೊಂದು, ವೆಲ್ಡ್ ಮಾಡೋವಾಗ ಸಂಪನ್ನ ಹಳೇ ಬ್ಲಾಕಿಗೋ ದಪ್ಪ ಪ್ಲೇಟಿಗೋ ಎಲ್ಲಾ ಬೋಲ್ಟ್ ಹಾಕಿ ಬಿಗಿದೇ ಮಾಡಿ, ಇಲ್ಲಾಂದ್ರೆ ಅಂಚು ತಿರುಚ್ಕೊಂಡು ಯಾವ ಪ್ಯಾಕಿಂಗ್ ಹಾಕಿದ್ರೂ ಸೋರತ್ತೆ. ವೆಲ್ಡ್ ಆದ್ಮೇಲೆ ಹೊರಗಡೆ ಜೋಡಣೆ ಮೇಲೆಲ್ಲ ಸೀಮೆಸುಣ್ಣ ಉಜ್ಜಿ ಒಳಗೆ ಸೀಮೆಎಣ್ಣೆ ಸುರಿದು ಒಂದು ರಾತ್ರಿ ಬಿಡಿ. ಕಣ್ಣಿಗೆ ಕಾಣದ ಸಣ್ಣ ತೂತಿದ್ರೂ ಬಿಳಿ ಪುಡಿ ಮೇಲೆ ಒದ್ದೆ ಚುಕ್ಕೆ ಮೂಡತ್ತೆ.

ಈಗ ಪಿಕಪ್. ಸಂಪ್ ತಳಕ್ಕೂ ಪಿಕಪ್ ಜಾಲರಿಗೂ ನಡುವೆ ಸುಮಾರು 6ರಿಂದ 10 ಎಂಎಂ ಅಂತರ ಬೇಕು. ತೀರಾ ಹತ್ರ ಆದ್ರೆ ಪಂಪಿಗೆ ಉಸಿರು ಕಟ್ಟತ್ತೆ, ದೂರ ಆದ್ರೆ ಆಯಿಲ್ ಸ್ವಲ್ಪ ಇಳಿದ್ರೂ ಗಾಳಿ ಎಳೆಯತ್ತೆ. ಅಳೆಯೋದು ಸುಲಭ, ಮಕ್ಕಳು ಆಡೋ ಕ್ಲೇ ಒಂದು ಉಂಡೆ ಮಾಡಿ ಜಾಲರಿ ಮೇಲೆ ಅಂಟಿಸಿ, ಪ್ಯಾಕಿಂಗ್ ಸಮೇತ ಸಂಪ್ ಹಾಕಿ ನಾಲ್ಕು ಬೋಲ್ಟ್ ಬಿಗಿದು ಬಿಚ್ಚಿ, ಚಪ್ಪಟೆ ಆದ ಕ್ಲೇ ಎಷ್ಟು ದಪ್ಪ ಇದೆಯೋ ಅದೇ ನಿಮ್ಮ ಅಂತರ. ಎಲ್‌ಎಸ್‌ನಲ್ಲಿ ಪಿಕಪ್ ಪೈಪು ಪಂಪಿಗೆ ಸೇರೋ ಜಾಗದ ಓ-ರಿಂಗ್ ಹೊಸದೇ ಹಾಕಿ, ಸರಿಯಾದ ದಪ್ಪದ್ದೇ ಹಾಕಿ, ಆಯಿಲ್ ಸವರಿ ಕೂರಿಸಿ. ಅದು ಒಂಚೂರು ಕಚ್ಚಿ ಹರಿದ್ರೂ ಪಂಪು ಆಯಿಲ್ ಜೊತೆ ಗಾಳಿ ಎಳೀತಾ ಇರತ್ತೆ, ನೀವು ಪಂಪೇ ಕೆಟ್ಟಿದೆ ಅಂತ ಬದಲಾಯಿಸ್ತಾ ಕೂತಿರ್ತೀರ.

ತಿರುವಲ್ಲಿ ಏನಾಗತ್ತೆ ಅನ್ನೋದೇ ಇಡೀ ವಿಷಯದ ತಿರುಳು. ಒಳ್ಳೇ ಟೈರ್ ಹಾಕಿದ ಕಾರು ತಿರುವಲ್ಲಿ 1 ಜಿ (ಪಕ್ಕಕ್ಕೆ ಎಳೆಯೋ ಬಲ ಗುರುತ್ವದಷ್ಟೇ) ಹತ್ರ ಹೋದ್ರೆ ಸಂಪ್ ಒಳಗೆ ಆಯಿಲ್ ಮೇಲ್ಮೈ 45 ಡಿಗ್ರಿ ವಾಲತ್ತೆ. ಅಂದ್ರೆ ಆಯಿಲೆಲ್ಲ ಒಂದು ಗೋಡೆ ಹತ್ತಿ ನಿಂತಿರತ್ತೆ, ಪಿಕಪ್ ಇರೋ ಕಡೆ ಖಾಲಿ. ಬಾವಿ ನೀರು ಇಳಿದಾಗ ಪಂಪ್‌ಸೆಟ್ ಗಾಳಿ ಎಳೆದು ಬಿಟ್ಟು ಬಿಟ್ಟು ನೀರು ಉಗುಳತ್ತಲ್ಲ, ಒಳಗೆ ಆಗೋದು ಅದೇ. ಫ್ಯಾಮಿಲಿ ಕಾರಿಂದ ಬಂದ ಎಂಜಿನ್ನಿನ ಸಂಪ್ ಇಂಥಾ ಡ್ರೈವಿಂಗಿಗೆ ಅಂತ ಮಾಡಿರೋದೇ ಅಲ್ಲ. ಪರಿಹಾರ ಬ್ಯಾಫಲ್. ಪಿಕಪ್ ಸುತ್ತ ಒಂದು ಪೆಟ್ಟಿಗೆ ಥರ ತಗಡು ನಿಲ್ಲಿಸಿ, ಅದಕ್ಕೆ ಒಳಗಡೆಗೆ ಮಾತ್ರ ತೆರೆಯೋ ಸಣ್ಣ ಬಾಗಿಲು ಕೊಡಿ, ಆಯಿಲ್ ಒಳಗೆ ಬರತ್ತೆ, ತಿರುವಲ್ಲಿ ಹೊರಗೆ ಓಡೋಕೆ ಹೋದ್ರೆ ಬಾಗಿಲು ಮುಚ್ಕೊಳತ್ತೆ. ಬ್ರೇಕ್ ಹಾಕಿದಾಗ ಆಯಿಲ್ ಮುಂದಕ್ಕೆ ನುಗ್ಗತ್ತೆ, ಸಂಪ್ ಹಿಂದಗಡೆ ಇರೋ ಎಂಜಿನ್ನಲ್ಲಿ ಇದು ಇನ್ನೂ ಮುಖ್ಯ, ಅಲ್ಲಿ ಅಡ್ಡ ತಗಡೂ ಬೇಕು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಶಾಫ್ಟ್) ಕೆಳಗೆ ವಿಂಡೇಜ್ ಟ್ರೇ, ಅಂದ್ರೆ ಕ್ರ್ಯಾಂಕ್ ಸುತ್ತೋ ರಭಸಕ್ಕೆ ಆಯಿಲ್ ಕದಡದ ಹಾಗೆ ತಡೆಯೋ ತಗಡು, ಇದ್ರೆ ತೆಗೀಬೇಡಿ. ರಸ್ತೆಗೆ, ಆಗಾಗ ಟ್ರ್ಯಾಕಿಗೆ ಇಷ್ಟು ಸಾಕು. ಸ್ಲಿಕ್ ಟೈರ್ ಹಾಕಿ ಟ್ರ್ಯಾಕಲ್ಲೇ ಓಡಿಸೋರು ಪ್ರೆಶರಲ್ಲಿ ಆಯಿಲ್ ತುಂಬಿಟ್ಕೊಳ್ಳೋ ಅಕ್ಯುಮುಲೇಟರ್ ಹಾಕ್ಲಿ, ಇಲ್ಲ ಆಯಿಲನ್ನ ಬೇರೆ ಟ್ಯಾಂಕಲ್ಲಿ ಇಡೋ ಡ್ರೈ ಸಂಪಿಗೇ ಹೋಗ್ಲಿ.

ಎಂಜಿನ್ ಹೊಸ ಕೋನದಲ್ಲಿ ಕೂತಿದ್ರೆ ಹಳೇ ಡಿಪ್‌ಸ್ಟಿಕ್ ಸುಳ್ಳು ಹೇಳತ್ತೆ. ಕ್ರ್ಯಾಂಕ್ ತಿರುಗೋವಾಗ ಆಯಿಲಿಗೆ ತಾಗದ ಹಾಗೆ ಎಷ್ಟು ಎತ್ತರದವರೆಗೆ ತುಂಬಬಹುದು ಅಂತ ಸಂಪ್ ಹಾಕೋ ಮುಂಚೆನೇ ಲೆಕ್ಕ ಹಾಕಿ, ಅಷ್ಟನ್ನ ಅಳತೆ ಮಾಡಿ ಹಾಕಿ, ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ಆಫ್ ಮಾಡಿ, ಸಮತಟ್ಟು ಜಾಗದಲ್ಲಿ ಹತ್ತು ನಿಮಿಷ ಬಿಟ್ಟು ಕಡ್ಡಿಗೆ ಹೊಸ ಗುರುತು ಹಾಕಿ.

ಫಿಲ್ಟರಿಗೆ ಜಾಗ ಇಲ್ದಿದ್ರೆ ರಿಮೋಟ್ ಫಿಲ್ಟರ್, ಅಂದ್ರೆ ಫಿಲ್ಟರನ್ನ ದೂರ ಇಟ್ಟು ಹೋಸಲ್ಲಿ ಜೋಡಿಸೋದು. ಇದೇನು ಹೊಸದಲ್ಲ, 1973ರಿಂದ 76ರವರೆಗೆ ಬಂದ ಎಂಜಿಬಿ ಜಿಟಿ ವಿ8 ಅನ್ನೋ ಬ್ರಿಟಿಷ್ ಕಾರಲ್ಲಿ 3.5 ಲೀಟರ್ ರೋವರ್ ಎಂಜಿನ್ ಹಾಕಿದಾಗ ಕಂಪನಿಯೇ ಫಿಲ್ಟರನ್ನ ಬೇರೆ ಕಡೆ ಇಟ್ಟಿತ್ತು. ಇಲ್ಲಿ ನೆನಪಿಡಬೇಕಾದ್ದು ಒಂದೇ, ಹೋಸ್ ಅದಲು ಬದಲು ಆಗಬಾರದು. ಆಯಿಲ್ ಫಿಲ್ಟರಿನ ಸುತ್ತಲಿನ ಸಣ್ಣ ತೂತುಗಳಿಂದ ಒಳಗೆ ಹೋಗಿ ನಡುವಿನ ತೂತಿಂದ ಹೊರಗೆ ಬರಬೇಕು. ಉಲ್ಟಾ ಕೊಟ್ರೆ ಒಳಗಿರೋ ರಬ್ಬರ್ ವಾಲ್ವ್ ಮುಚ್ಕೊಂಡು ದಾರಿನೇ ಬಂದ್. ಹೋಸ್ ಸೈಜು ಎಎನ್ (ಹೋಸ್, ಫಿಟ್ಟಿಂಗಿನ ಅಳತೆ ಪದ್ಧತಿ) 10, ತುಂಬಾ ಸಣ್ಣ ಎಂಜಿನ್ ಆದ್ರೆ 8. ಎಕ್ಸಾಸ್ಟ್ ಪಕ್ಕದಲ್ಲಿ ಹೋದ್ರೆ ಹೀಟ್ ಸ್ಲೀವ್ ಹಾಕಿ, ಚಾಸಿಸ್ ಅಂಚಿಗೆ ಉಜ್ಜೋ ಕಡೆ ಎಲ್ಲಾ ಕ್ಲಿಪ್ ಹಾಕಿ, ಸ್ಟೀಲ್ ಹೆಣಿಗೆಯ ಹೋಸು ಉಜ್ಜಿ ಉಜ್ಜಿ ಪಕ್ಕದಲ್ಲಿರೋ ತಗಡನ್ನೇ ಕೊರೆಯತ್ತೆ. ಹೋಸ್ ಕತ್ತರಿಸಿದ ಮೇಲೆ ಒಳಗೆ ರಬ್ಬರ್ ಚೂರು ಉಳಿದಿರತ್ತೆ, ತೊಳೆದು ಗಾಳಿ ಹೊಡೆದೇ ಜೋಡಿಸಿ.

ಮೀಟರ್ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಹಳೇ ಡ್ಯಾಶ್‌ಬೋರ್ಡಿನ ಚಂದದ ಗೇಜ್ ಉಳಿಸ್ಕೊಳ್ಳಿ, ಆದ್ರೆ ಎಂಜಿನ್ನಿಂದ ಅದಕ್ಕೆ ಆಯಿಲ್ ಪ್ರೆಶರ್ ಎಷ್ಟು ಅಂತ ತಿಳಿಸೋ ಸೆಂಡರು ಅದಕ್ಕೆ ಹೊಂದೋದೇ ಹಾಕಿ. ವಿಡಿಓ ಥರದ ಯುರೋಪಿಯನ್ ಸೆಂಡರ್ ಸುಮಾರು 10ರಿಂದ 180 ಓಮ್, ಅಮೆರಿಕನ್ನದು 240ರಿಂದ 33 ಓಮ್, ಎರಡೂ ವಿರುದ್ಧ ದಿಕ್ಕು, ಬೆರೆಸಿದ್ರೆ ಮುಳ್ಳು ಏನೇನೋ ತೋರಿಸತ್ತೆ. ಥ್ರೆಡ್ಡೂ ಹಾಗೇ, ಅಮೆರಿಕನ್ ಅಳತೆಯ 1/8 ಎನ್‌ಪಿಟಿಗೆ ಇಂಚಿಗೆ 27 ಸುತ್ತು, ಬ್ರಿಟಿಷ್ ಅಳತೆಯ 1/8 ಬಿಎಸ್‌ಪಿಗೆ 28, ಒಂದರ ಜಾಗಕ್ಕೆ ಇನ್ನೊಂದು ಹಾಕಿದ್ರೆ ಶುರುವಲ್ಲಿ ಎರಡು ಸುತ್ತು ಆರಾಮಾಗಿ ಹೋಗತ್ತೆ, ಆಮೇಲೆ ಬ್ಲಾಕಿನ ಥ್ರೆಡ್ ಹಾಳು. ಮಾಮೂಲಿ ಆಯಿಲ್ ಲೈಟಿನ ಸ್ವಿಚ್ಚು ಪ್ರೆಶರ್ 5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸಲ್ಲಿ ಹೊತ್ಕೊಳತ್ತೆ, 5000 ಆರ್‌ಪಿಎಂನಲ್ಲಿ ಅಷ್ಟಕ್ಕೆ ಇಳಿದ್ರೆ ಕಥೆ ಮುಗಿದಿರತ್ತೆ. ಸುಮಾರು 20 ಪಿಎಸ್‌ಐಗೆ ಹೊತ್ಕೊಳ್ಳೋ ಸ್ವಿಚ್ ಹಾಕಿ, ಕಣ್ಣಿಗೆ ನೇರ ಹೊಡೆಯೋ ಜಾಗದಲ್ಲಿ ದೊಡ್ಡ ಕೆಂಪು ಲೈಟ್ ಕೊಡಿ. ಐಡ್ಲಿಂಗಲ್ಲಿ ಹೊತ್ಕೊಂಡ್ರೂ ಪರವಾಗಿಲ್ಲ. ಬಿಸಿ ಎಂಜಿನ್ನಲ್ಲಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಅನ್ನೋದು ಹಳೇ ಲೆಕ್ಕ, ಅಂದಾಜಿಗೆ ಸಾಕು, ಕೊನೇ ಮಾತು ಆ ಎಂಜಿನ್ನಿನ ಮ್ಯಾನ್ಯುಅಲ್‌ದೇ.

ಕೂಲರ್ ಬೇಕಾ ಅಂತ ಟೆಂಪರೇಚರ್ ಗೇಜ್ ಹಾಕಿ ಓಡಿಸಿ ನೋಡಿದ ಮೇಲೆ ನಿರ್ಧಾರ ಮಾಡಿ. ಆಯಿಲ್ 90ರಿಂದ 110 ಡಿಗ್ರಿ ಒಳಗೆ ಇದ್ರೆ ಸುಮ್ನೆ ಬಿಡಿ. 120 ದಾಟಿ ಅಲ್ಲೇ ನಿಲ್ತಿದ್ರೆ ಕೂಲರ್ ಹಾಕಿ, ಸುಮಾರು 80 ಡಿಗ್ರಿಗೆ ತೆರೆಯೋ ಥರ್ಮೋಸ್ಟಾಟ್ ಸಮೇತ. ಥರ್ಮೋಸ್ಟಾಟ್ ಇಲ್ದೆ ಹಾಕಿದ್ರೆ ಚಳಿಯಲ್ಲಿ ಆಯಿಲ್ ಬಿಸಿನೇ ಆಗಲ್ಲ, ಒಳಗೆ ಸೇರೋ ನೀರಿನ ಅಂಶ ಆವಿಯಾಗಿ ಹೋಗಲ್ಲ. ಕೂಲರ್ ಬಾಯಿ ಮೇಲಕ್ಕೆ ಇರೋ ಹಾಗೆ ಕೂರಿಸಿ, ಗಾಳಿ ಒಳಗೆ ಸಿಕ್ಕಿಹಾಕ್ಕೊಳ್ಳಲ್ಲ.

ಮೊದಲ ಸ್ಟಾರ್ಟಿಗೆ ಮುಂಚೆ ಪ್ರೆಶರ್ ಬರಿಸಲೇಬೇಕು. ಹಳೇ ರೋವರ್ ವಿ8ನಲ್ಲಿ ಪಂಪು ಡಿಸ್ಟ್ರಿಬ್ಯೂಟರ್ ಶಾಫ್ಟಿಂದ ತಿರುಗತ್ತೆ, ಪಂಪಿನ ಗೇರ್ ಸುತ್ತ ಪೆಟ್ರೋಲಿಯಂ ಜೆಲ್ಲಿ ತುಂಬಿ, ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್ ಮಷೀನಿಂದ ತಿರುಗಿಸಬಹುದು. ಎಲ್‌ಎಸ್ ಪಂಪು ಕ್ರ್ಯಾಂಕ್ ಮೇಲೇ ಕೂತಿರೋದ್ರಿಂದ ಆ ದಾರಿ ಇಲ್ಲ, ಆಯಿಲ್ ಗ್ಯಾಲರಿಗೆ (ಬ್ಲಾಕಿನ ಒಳಗಿರೋ ಆಯಿಲ್ ದಾರಿ) ಹೊರಗಿನಿಂದ ಪ್ರೆಶರ್ ಕೊಟ್ಟು ತುಂಬಿ. ಆಮೇಲೆ ಯಾವ ಎಂಜಿನ್ ಆದ್ರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ನು ಫ್ಯೂಯಲ್ಲು ಕಟ್ ಮಾಡಿ, ಮುಳ್ಳು ಮೇಲೇಳೋವರೆಗೂ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೀರಿ. ಹೋಸು, ಕೂಲರ್ ತುಂಬಿದ ಮೇಲೆ ಲೆವೆಲ್ ಇಳಿದಿರತ್ತೆ, ಟಾಪ್ ಅಪ್ ಮಾಡಿ.

ಮೊದಲ ಕೆಲವು ನೂರು ಕಿಲೋಮೀಟರಿಗೆ ಆಯಿಲ್ ಇಳಿಸಿ, ಫಿಲ್ಟರ್ ಡಬ್ಬ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಬೂದು ಬಣ್ಣದ ನುಣ್ಣನೆ ಪುಡಿ ಹೊಸ ಎಂಜಿನ್ನಲ್ಲಿ ಮಾಮೂಲು. ಮ್ಯಾಗ್ನೆಟ್ಟಿಗೆ ಅಂಟದ, ಹೊಳೆಯೋ ತೆಳು ಹಾಳೆ ಚೂರು ಕಂಡ್ರೆ ಬೇರಿಂಗ್ ಹೋಗ್ತಿದೆ, ಮತ್ತೆ ಸ್ಟಾರ್ಟ್ ಮಾಡದೆ ಸಂಪ್ ಇಳಿಸಿ. ಆಗ ಕೂಲರನ್ನೂ ಬದಲಾಯಿಸಲೇಬೇಕು, ಅದರ ಸಂದಿಗಳಲ್ಲಿ ಸಿಕ್ಕ ಲೋಹದ ಚೂರು ಎಷ್ಟು ತೊಳೆದ್ರೂ ಪೂರ್ತಿ ಹೋಗಲ್ಲ, ಹೊಸ ಬೇರಿಂಗಿಗೂ ಅದೇ ಗತಿ ತರತ್ತೆ.